ಭಾರದ ಚಮಚವೋ, ದಪ್ಪ ಹಿಡಿಯ ಚಮಚವೋ: ರಾಯಚೂರಿನ ಬಿಸಿಲಲ್ಲಿ ಒಂದು ಹೋಲಿಕೆ

ನಮ್ಮ ರಾಯಚೂರಿನ ತೀನ್ ಕಂದೀಲ್ ಸರ್ಕಲ್ ಹತ್ತಿರ ಚಹಾ ಕುಡಿಯುತ್ತಿದ್ದೆ. ಕಾಗದದ ಕಪ್ಪು ಕೈಯಲ್ಲೇ ಹಿಸುಕಿಹೋಗಿ ಚಹಾ ಎಲ್ಲ ಅಂಗಿ ಮೇಲೆ. ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದಾಗಿನಿಂದ ನನ್ನ ಬಲಗೈಗೆ ಶಕ್ತಿ ಇಲ್ಲ ಅಂತಲೇ ಮನೆಯವರು ನಂಬಿದ್ದರು. ಶಕ್ತಿ ಇಲ್ಲದ ಕೈ ಕಪ್ಪು ಹಿಸುಕುತ್ತದಾ?

ಥೆರಪಿ ಮಾಡಿಸುವವರು ಬಿಡಿಸಿ ಹೇಳಿದರು. ಈ ಕಾಯಿಲೆಯಲ್ಲಿ ಮೈಯ ರಕ್ಷಣೆ ಮಾಡಬೇಕಾದ ಕಣಗಳೇ ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುತ್ತವೆ. ಬೆರಳ ತುದಿಯ ಸುದ್ದಿ ಮೆದುಳಿಗೆ ಮಸುಕಾಗಿ, ತಡವಾಗಿ ಮುಟ್ಟುತ್ತದೆ. ಎಲ್ಲಿ ಜಾರುತ್ತದೋ ಅಂತ ಕೈ ಬೇಕಾದ್ದಕ್ಕಿಂತ ಜಾಸ್ತಿ ಬಿಗಿ ಹಿಡಿಯುತ್ತದೆ. ಹಾಗೆ ಹಿಡಿದು ಹಿಡಿದು ಬೇಗ ಸೋಲುತ್ತದೆ. ಇದು ಗೊತ್ತಾದ ಮೇಲೇ ಚಮಚಗಳನ್ನು ಹೋಲಿಸಿ ನೋಡುವ ಮನಸ್ಸಾಯಿತು.

ಮೊದಲು ಭಾರದ ಚಮಚ. ಆನ್‌ಲೈನ್‌ನಲ್ಲಿ ತರಿಸಿದ್ದು, ರೇಟು ಕೇಳಿದರೆ ಊಟವೇ ಸೇರಲ್ಲ. ಹಿಡಿಯಲ್ಲಿ ತೂಕ ತುಂಬಿರುತ್ತದೆ, ಆ ತೂಕ ನಡುಕವನ್ನು ಒಂದಿಷ್ಟು ತಡೆಯುತ್ತದೆ ಅನ್ನುವುದು ಲೆಕ್ಕ. ನುಚ್ಚು ಮಜ್ಜಿಗೆಯ ಮೊದಲ ಐದಾರು ತುತ್ತು ಚೆಲ್ಲದೆ ಬಾಯಿಗೆ ಬಂತು, ಖುಷಿಯಾಯಿತು. ಹತ್ತನೆಯ ತುತ್ತಿಗೆ ಭುಜ ಜಗ್ಗಿತು. ಕೊನೆಗೆ ಮೊದಲಿಗಿಂತ ಜಾಸ್ತಿ ನಡುಕ. ನಡುಕವೇ ದೊಡ್ಡ ತೊಂದರೆ ಆಗಿರುವವರಿಗೆ ಇದು ಹಿಡಿಸಬಹುದು. ನನ್ನದು ಜೋಮು ಹಿಡಿದ ಕೈ, ನಡುಕ ಕಡಿಮೆ.

ಎರಡನೆಯದು ದಪ್ಪ ಹಿಡಿ. ಚಮಚದ ಹಿಡಿಗೆ ತೊಡಿಸುವ ಅಂಗಡಿಯ ಫೋಮ್ ಕೊಳವೆ ಹಗುರ, ಆದರೆ ಸಾರು ಹೀರಿಕೊಂಡು ಎರಡೇ ವಾರಕ್ಕೆ ವಾಸನೆ ಹೊಡೆಯಿತು. ಅದನ್ನು ಎಸೆದು ಸೈಕಲ್ ಅಂಗಡಿಗೆ ಹೋದೆ. ಹ್ಯಾಂಡಲ್‌ಗೆ ಹಾಕುವ ರಬ್ಬರ್ ಗ್ರಿಪ್ ತಂದು, ಒಳಗೆ ಬಟ್ಟೆ ತುರುಕಿ, ಮನೆಯ ಸ್ಟೀಲ್ ಚಮಚವನ್ನು ಸಿಕ್ಕಿಸಿದೆ. ಬೆರಳು ಪೂರ್ತಿ ಮಡಚಬೇಕಿಲ್ಲ. ಮೇಲಿನ ಗೆರೆಗಳು ಬೆವರಿದ ಕೈಯನ್ನೂ ಜಾರಲು ಬಿಡಲ್ಲ. ಜಾರುವ ಭಯ ಹೋದ ಮೇಲೆ ಕೈ ತಾನಾಗಿ ಸಡಿಲವಾಯಿತು. ನನ್ನ ಮಟ್ಟಿಗೆ ಗೆದ್ದದ್ದು ಇದೇ. ಪೆನ್ನಿಗೂ ಇಂಥದ್ದೇ ಮಾಡಿಕೊಂಡಿದ್ದೇನೆ. ನೋಡಲು ಪೆನ್ನು ಕೊಡಲಿ ಕಾವಿನ ಹಾಗಿದೆ, ಇರಲಿ.

ಆದರೆ ಈ ಹೋಲಿಕೆಯಲ್ಲಿ ನಾನೇ ಒಂದು ಮೋಸ ಮಾಡಿದ್ದೆ. ಭಾರದ ಚಮಚವನ್ನು ಮೇ ತಿಂಗಳ ಮಧ್ಯಾಹ್ನ ನೋಡಿದ್ದು, ದಪ್ಪ ಹಿಡಿಯನ್ನು ಬೆಳಗ್ಗೆ. ನಮ್ಮೂರ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಮೈಬಿಸಿ ಅರ್ಧ ಡಿಗ್ರಿ ಏರಿದರೂ ಹೊದಿಕೆ ಕೆಟ್ಟ ನರದಲ್ಲಿ ಸುದ್ದಿ ನಿಲ್ಲಬಹುದು. ಮೈ ದಣಿದಾಗ ಎಂಎಸ್ ಇದ್ದವರ ಕಣ್ಣು ಸ್ವಲ್ಪ ಹೊತ್ತು ಮಂಜಾಗುವುದನ್ನು 1890ರಲ್ಲೇ ಜರ್ಮನಿಯ ಕಣ್ಣಿನ ವೈದ್ಯ ಉಹ್ಟ್‌ಹೋಫ್ ಗುರುತಿಸಿದ್ದರು, ಅದಕ್ಕೆ ಮೈಬಿಸಿಯೇ ಕಾರಣ ಅಂತ ಗೊತ್ತಾದದ್ದು ಆಮೇಲೆ. ಮೈ ತಂಪಾದರೆ ಕೈ ಮೊದಲಿನ ಹಾಗಾಗುತ್ತದೆ, ಹೊಸ ಹಾನಿ ಏನಿಲ್ಲ. ಹಾಗಾಗಿ ಎರಡನ್ನೂ ಬೆಳಗ್ಗೆ ಏಳಕ್ಕೆ, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು ಮತ್ತೆ ನೋಡಿದೆ. ಭಾರದ್ದು ಆಗಲೂ ಸೋತಿತು, ಆದರೆ ಅಷ್ಟು ಹೀನಾಯವಾಗಿ ಅಲ್ಲ.

ಇನ್ನು ವ್ಯಾಯಾಮ. ಎಲ್ಲರೂ ಕೊಡುವ ಸಲಹೆ ರಬ್ಬರ್ ಚೆಂಡು ಹಿಸುಕುವುದು. ಹಿಸುಕುವುದೇ ನನ್ನ ಕಾಯಿಲೆ, ಅದನ್ನೇ ಅಭ್ಯಾಸ ಮಾಡಿ ಏನು ಬಂತು? ಅದರ ಬದಲು ಹಿಟ್ಟಿನ ಮುದ್ದೆಯಲ್ಲಿ ಶೇಂಗಾ ಬೀಜ ಬಚ್ಚಿಟ್ಟು, ಕಣ್ಣು ಮುಚ್ಚಿ ಹುಡುಕಿ ತೆಗೆಯುತ್ತೇನೆ. ಬೆರಳಿಗೆ ಹುಡುಕುವ ಕೆಲಸ ಸಿಗುತ್ತದೆ. ಗೋಧಿ ಹಿಟ್ಟೇ ಇರಲಿ. ಜೋಳದ ಹಿಟ್ಟಿಗೆ ಕುದಿಯುವ ನೀರು ಬೇಕು, ಜೋಮು ಹಿಡಿದ ಕೈಗೆ ಬಿಸಿ ಗೊತ್ತಾಗಲ್ಲ. ನನಗೆ ಬೊಬ್ಬೆ ಎದ್ದಿತ್ತು. ಆಸ್ಪತ್ರೆಯಲ್ಲಿ 9 ಕಡ್ಡಿಗಳನ್ನು 9 ತೂತಿಗೆ ಹಾಕಿ ತೆಗೆಯುವ ಪರೀಕ್ಷೆ ಮಾಡಿಸುತ್ತಾರೆ, ಸಮಯ ಅಳೆಯುತ್ತಾರೆ. ಹೋದ ಸಲಕ್ಕಿಂತ ಈ ಸಲ ಬೇಗ ಮುಗಿಸಿದೆ. ಶೇಂಗಾದಿಂದಲೋ, ತಂಪು ಹೊತ್ತಿಗೆ ಹೋಗಿದ್ದರಿಂದಲೋ, ಹೇಳಲಾರೆ.

ರೊಟ್ಟಿಗೆ ಮಾತ್ರ ಯಾವ ಚಮಚವೂ ಇಲ್ಲ. ಖಡಕ್ ರೊಟ್ಟಿ ನನ್ನ ಹಿಡಿತಕ್ಕೆ ಪುಡಿಯಾಗುತ್ತದೆ. ಬಿಸಿ ಮೆತ್ತನೆಯದಾದರೆ ಸರಿ.

ಚಹಾದ ಅಂಗಡಿಯಲ್ಲಿ ಈಗ ಎರಡು ಕಪ್ಪು ಒಂದರೊಳಗೊಂದು ಇಟ್ಟು ಕೊಡು ಅನ್ನುತ್ತೇನೆ. ಎರಡನೇ ಕಪ್ಪಿಗೆ ಅವನು ಇನ್ನೂ ದುಡ್ಡು ಕೇಳಿಲ್ಲ.