ಕಂದು ಸ್ವಿಚ್‌ನ ಕೀಬೋರ್ಡ್: ಕೋಡ್‌ಗೂ ಕನ್ನಡಕ್ಕೂ ಒಂದು ವಾರ

ಮೆಕ್ಯಾನಿಕಲ್ ಕೀಬೋರ್ಡ್, ಅಂದರೆ ಪ್ರತಿ ಕೀಯ ಕೆಳಗೂ ಸ್ಪ್ರಿಂಗ್ ಇರುವ ಬಿಡಿ ಸ್ವಿಚ್ ಕೂರಿಸಿದ ಕೀಬೋರ್ಡ್, ಗೇಮ್ ಆಡುವ ಹುಡುಗರ ಶೋಕಿ ಅಂತ ನಮ್ಮ ಟೀಮಿನಲ್ಲಿ ಅರ್ಧ ಜನ ಈಗಲೂ ನಂಬಿದ್ದಾರೆ. ನಾನು ಗೇಮ್ ಆಡುವವನಲ್ಲ. ಮೈಸೂರಿನ ಕುವೆಂಪುನಗರದ ಮನೆಯಲ್ಲೇ ಕೂತು ಹಗಲೆಲ್ಲ ಜಾವಾ ಕೋಡ್ ಬರೆಯುತ್ತೇನೆ. ರಾತ್ರಿ ಊಟ ಆದಮೇಲೆ, ನೋಡಿದ ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಏನಾದರೂ ಗೀಚುತ್ತೇನೆ. ಎರಡಕ್ಕೂ ಒಗ್ಗುವ ಕೀಬೋರ್ಡ್ ಬೇಕಿತ್ತು. ಐದು ಸಾವಿರದ ಆಸುಪಾಸಿನಲ್ಲಿ, 87 ಕೀಗಳ, ಕಂದು ಸ್ವಿಚ್‌ನ ಒಂದನ್ನು ತರಿಸಿಕೊಂಡು ಒಂದು ವಾರ ಬಿಡದೆ ಬಳಸಿದೆ.

ಬ್ರಾಂಡ್ ಹೆಸರು ಬೇಡ. ಈ ಬೆಲೆಗೆ ಸಿಗುವವುಗಳ ಒಳಗಿರುವ ಸಾಮಾನು ಹೆಚ್ಚುಕಮ್ಮಿ ಒಂದೇ. ಸ್ವಿಚ್ ಯಾವ ಬಣ್ಣ, ಅದನ್ನು ಕಿತ್ತು ಬದಲಾಯಿಸಲು ಬರುತ್ತದೋ ಇಲ್ಲವೋ, ಕೀಗಳ ಕೆಲಸ ನಮಗೆ ಬೇಕಾದ ಹಾಗೆ ಬದಲಿಸಬಹುದೋ ಇಲ್ಲವೋ, ಇಷ್ಟು ನೋಡಿಕೊಂಡರೆ ಸಾಕು.

ಬಣ್ಣದ ಲೆಕ್ಕ ಶುರುವಾದದ್ದು ಚೆರ್ರಿ ಅನ್ನುವ ಜರ್ಮನ್ ಕಂಪನಿಯಿಂದ. ಕೆಂಪು ಸ್ವಿಚ್ ಸರಾಗವಾಗಿ ಕೆಳಗಿಳಿಯುತ್ತದೆ. ಕಂದು ಬಣ್ಣದ್ದು ಅರ್ಧ ದಾರಿಯಲ್ಲಿ ಚೂರು ತಡೆಯುತ್ತದೆ, ಕೀ ಹತ್ತಿತು ಅಂತ ಬೆರಳಿಗೇ ಗೊತ್ತಾಗುತ್ತದೆ. ನೀಲಿಯಲ್ಲಿ ಆ ತಡೆಯ ಜೊತೆಗೆ ಟಿಕ್ ಅನ್ನುವ ಸದ್ದೂ ಇದೆ. ಚೆರ್ರಿಯ ಪೇಟೆಂಟ್ ಅವಧಿ 2014ರ ಸುಮಾರಿಗೆ ಮುಗಿಯಿತು. ಆಮೇಲೆ ಚೀನಾದ ಕಂಪನಿಗಳು ಅದೇ ಮಾದರಿಯ ಸ್ವಿಚ್ ಮಾಡತೊಡಗಿದವು, ಬೆಲೆ ನಮ್ಮಂಥವರ ಕೈಗೆಟುಕುವ ಮಟ್ಟಕ್ಕೆ ಬಂತು. ನೀಲಿ ಸ್ವಿಚ್‌ನ ಮೇಲೆ ನನಗೂ ಆಸೆ ಇತ್ತು. ಆದರೆ ಗೋಡೆಯ ಆಚೆ ಅಮ್ಮನ ಧಾರಾವಾಹಿ, ಈಚೆ ನನ್ನ ಮೀಟಿಂಗ್. ಮನೆಯಲ್ಲಿ ನೆಮ್ಮದಿ ಬೇಕಲ್ವಾ?

ಕೋಡ್ ವಿಷಯ ಬೇಗ ಮುಗಿಸಿಬಿಡುತ್ತೇನೆ. ವೇಗ ಏನೂ ಹೆಚ್ಚಲಿಲ್ಲ. ನಮ್ಮ ಕೆಲಸದಲ್ಲಿ ಟೈಪ್ ಮಾಡುವುದಕ್ಕಿಂತ ಲಾಗ್ ಫೈಲ್ ದಿಟ್ಟಿಸುತ್ತಾ ಕೂರುವುದೇ ಜಾಸ್ತಿ. ಮಂಗಳವಾರ ಇಡೀ ಮಧ್ಯಾಹ್ನ ಒಂದು ಟೈಮ್‌ಔಟ್ (ಉತ್ತರಕ್ಕೆ ಕಾದು ಪ್ರೋಗ್ರಾಂ ಕೈಚೆಲ್ಲುವ ತೊಂದರೆ) ಹಿಂದೆ ಬಿದ್ದಿದ್ದೆ. ಕೊನೆಗೆ ಬದಲಿಸಿದ್ದು ಒಂದೇ ಸಾಲು. ಅದಕ್ಕೆ ಐದು ಸಾವಿರದ ಕೀಬೋರ್ಡ್ ಯಾಕೆ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಸಂಜೆಗೆ ಬೆರಳ ತುದಿ ನೋಯುವುದು ಕಮ್ಮಿಯಾಯಿತು, ಅಷ್ಟೇ.

ಕಾಸು ವಸೂಲಾಗಿದ್ದು ಕನ್ನಡದಲ್ಲಿ. ಯಾವ ಕೀಗೆ ಯಾವ ಕನ್ನಡ ಅಕ್ಷರ ಅನ್ನುವುದಕ್ಕೆ ನಾನು ಬಳಸುವುದು ಕೆ.ಪಿ. ರಾವ್ ಅವರ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಇರುವಂಥದ್ದು. ವಿಂಡೋಸ್ ಬದಲು ನಾನು ಬಳಸುವ ಉಬುಂಟುವಿನಲ್ಲಿ ಅದು ಕೆಜಿಪಿ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ಅದರಲ್ಲಿ ಒತ್ತಕ್ಷರ ಬೇಕಾದಾಗೆಲ್ಲ ನಡುವೆ ಎಫ್ ಕೀ ಒತ್ತಬೇಕು. ಕುಕ್ಕರಹಳ್ಳಿ ಅಂತ ಬರೆಯಲು ಎರಡು ಸಲ ಎಫ್. ಹೆಜ್ಜಾರ್ಲೆ ಅನ್ನುವ ಹಕ್ಕಿಯ ಹೆಸರಿಗೂ ಎರಡು ಸಲ. ಇಂಗ್ಲಿಷ್ ಬರೆಯುವಾಗ ಸುಮ್ನೆ ಬಿದ್ದಿರುವ ಕೀ, ಕನ್ನಡಕ್ಕೆ ಬಂದರೆ ಪುರುಸೊತ್ತಿಲ್ಲದೆ ದುಡಿಯುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಎಫ್ ಮೇಲಿನ ಅಕ್ಷರ ಅರ್ಧ ಅಳಿಸಿಹೋಗಿದೆ, ಕೀ ಕೂಡ ಮೆತ್ತಗಾಗಿದೆ. ಅಲ್ಲಿ ಒತ್ತು ಬಿತ್ತೋ ಇಲ್ಲವೋ ಅಂತ ಪ್ರತಿ ಸಲ ಪರದೆ ನೋಡಬೇಕಿತ್ತು. ಇಲ್ಲಿ ನೋಡಬೇಕಿಲ್ಲ. ಕಂದು ಸ್ವಿಚ್‌ನ ಆ ಸಣ್ಣ ತಡೆ ಬೆರಳಿಗೆ ತಾಗಿದರೆ ಒತ್ತು ಬಿತ್ತು ಅಂತಲೇ ಲೆಕ್ಕ. ಕೀಗಳ ಮೇಲಿನ ಟೋಪಿ ಪಿಬಿಟಿ ಪ್ಲಾಸ್ಟಿಕ್‌ನದ್ದು, ಮುಟ್ಟಿದರೆ ತುಸು ಒರಟು. ಸಾಮಾನ್ಯ ಎಬಿಎಸ್ ಪ್ಲಾಸ್ಟಿಕ್‌ನಷ್ಟು ಬೇಗ ಸವೆದು ಹೊಳೆಯುವುದಿಲ್ಲ.

ಇನ್ನೊಂದು ಲಾಭ ಕ್ಯಾಪ್ಸ್ ಲಾಕ್. ಕೆಜಿಪಿಯಲ್ಲಿ ಶಿಫ್ಟ್ ಒತ್ತಿದರೆ ಬೇರೆ ಅಕ್ಷರ. ಗೊತ್ತಿಲ್ಲದೆ ಕ್ಯಾಪ್ಸ್ ಲಾಕ್ ಬಿದ್ದರೆ ನ ಹೋಗಿ ಣ, ಲ ಹೋಗಿ ಳ, ಇಡೀ ವಾಕ್ಯ ಕುಲಗೆಟ್ಟುಹೋಗುತ್ತದೆ. ಈ ಕೀಬೋರ್ಡ್‌ಗೆ ವಯಾ ಅನ್ನುವ ತಂತ್ರಾಂಶ ಹೊಂದುತ್ತದೆ, ಕ್ರೋಮ್‌ನಲ್ಲೇ ತೆರೆದುಕೊಳ್ಳುತ್ತದೆ. ಅದರಲ್ಲಿ ಕ್ಯಾಪ್ಸ್ ಲಾಕ್ ಅನ್ನು ಭಾಷೆ ಬದಲಿಸುವ ಕೀ ಮಾಡಿಕೊಂಡೆ. ಅದನ್ನು ಒತ್ತಿದರೆ ವಿಂಡೋಸ್ ಕೀ ಮತ್ತು ಸ್ಪೇಸ್ ಎರಡೂ ಒಟ್ಟಿಗೆ ಒತ್ತಿದ ಲೆಕ್ಕ. ಈಗ ಕಿರುಬೆರಳು ಆಡಿಸಿದರೆ ಕನ್ನಡ, ಮತ್ತೆ ಆಡಿಸಿದರೆ ಇಂಗ್ಲಿಷ್. ಈ ಬದಲಾವಣೆ ಕೀಬೋರ್ಡ್‌ನ ಒಳಗೇ ಉಳಿಯುತ್ತದೆ. ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದ ಆಫೀಸ್ ಲ್ಯಾಪ್‌ಟಾಪ್‌ಗೆ ಚುಚ್ಚಿದರೂ ಹಾಗೇ ಕೆಲಸ ಮಾಡುತ್ತದೆ.

ಗುರುವಾರ ಅಪ್ಪ ಬಂದು ಕೂತರು. ಅವರು ಹಿಂದಿನ ಕಾಲದಲ್ಲಿ ಕನ್ನಡ ಟೈಪಿಂಗ್ ಸೀನಿಯರ್ ಪಾಸಾದವರು. ಒಂದೊಂದು ಕೀಯನ್ನೂ ತಳ ಮುಟ್ಟುವ ತನಕ ಕುಟ್ಟುತ್ತಾರೆ. ‘ಪರವಾಗಿಲ್ಲ ಕಣೋ, ಒತ್ತಿದರೆ ಒತ್ತಿದ ಹಾಗೆ ಅನ್ನಿಸುತ್ತೆ. ನಿನ್ನ ಲ್ಯಾಪ್‌ಟಾಪು ಮೇಜು ಬಡಿದ ಹಾಗಿದೆ’ ಅಂದರು. ಸಾಲದ್ದು ಸದ್ದು ಅಂತೆ! ಅವರು ಕುಟ್ಟುವಾಗ ಬಾಗಿಲ ಆಚೆಗೂ ಕೇಳುತ್ತಿತ್ತು, ಅದು ಬೇರೆ ಮಾತು. ಕಂದು ಸ್ವಿಚ್ ಮೌನವಾಗಿ ಇರುತ್ತದೆ ಅಂತ ಮಾರುವವರು ಹೇಳುವುದನ್ನು ಪೂರ್ತಿ ನಂಬಬೇಡಿ. ಟಿಕ್ ಸದ್ದು ಇಲ್ಲ ನಿಜ. ಕೀ ತಳಕ್ಕೆ ಬಡಿಯುವ ಸದ್ದು ಇದ್ದೇ ಇರುತ್ತದೆ.

ದೊಡ್ಡ ದೋಷ ಸ್ಪೇಸ್ ಬಾರ್. ಉದ್ದದ ಕೀಗಳ ಎರಡೂ ತುದಿ ಒಟ್ಟಿಗೆ ಇಳಿಯಲಿ ಅಂತ ಕೆಳಗೆ ಒಂದು ತಂತಿ ಇರುತ್ತದೆ. ನನ್ನದರಲ್ಲಿ ಆ ತಂತಿ ಗೂಡಿನಲ್ಲಿ ಸಡಿಲ. ಹೆಬ್ಬೆರಳು ಬಿದ್ದಾಗೆಲ್ಲ ಗಲಗಲ. ತುಂಬಾ ಕಿರಿಕಿರಿ. ಅಪ್ಪ ಕೊಬ್ಬರಿ ಎಣ್ಣೆ ಬಿಡು ಅಂದರು. ಅವರಿಗೆ ಮನೆಯ ಬಾಗಿಲಿನಿಂದ ಮಿಕ್ಸಿಯವರೆಗೆ ಎಲ್ಲಕ್ಕೂ ಅದೇ ಮದ್ದು. ಎಣ್ಣೆ ಹರಿದು ಸ್ವಿಚ್ ಒಳಗೆ ಇಳಿಯುತ್ತದೆ, ಧೂಳು ಹಿಡಿಯುತ್ತದೆ, ಬೇಡವೇ ಬೇಡ. ಶುಕ್ರವಾರ ಬಿಡಿಭಾಗದ ಅಂಗಡಿಯಿಂದ ಸಿಲಿಕೋನ್ ಗ್ರೀಸ್ ತಂದೆ. ಸ್ಪೇಸ್ ಬಾರ್ ಕಿತ್ತು, ತಂತಿಯ ಎರಡು ಕೊನೆಗೆ ಕಡ್ಡಿಯ ತುದಿಯಲ್ಲಿ ಒಂಚೂರು ಸವರಿದೆ. ಸದ್ದು ಮುಕ್ಕಾಲು ಪಾಲು ನಿಂತಿತು. ಹೊಸ ಸಾಮಾನಿಗೆ ನಾವೇ ಗ್ರೀಸ್ ಹಚ್ಚಬೇಕಾ ಅನ್ನುವ ಸಿಟ್ಟು ಮಾತ್ರ ಹಾಗೇ ಇದೆ.

ಶನಿವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಕಟ್ಟಿಸಿದ ಕೆರೆ. ಈಗ ನಮ್ಮಂಥ ಕುರ್ಚಿಗೆ ಅಂಟಿಕೊಂಡವರಿಗೆ ವಾಕಿಂಗ್ ಜಾಗ. ಮರದ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು. ಅವುಗಳ ರೆಕ್ಕೆ ಪೂರ್ತಿ ಜಲನಿರೋಧಕವಲ್ಲ, ಮುಳುಗೆದ್ದ ಮೇಲೆ ಒಣಗಿಸಲೇಬೇಕು. ಮನೆಗೆ ಬಂದು ಅದನ್ನೆಲ್ಲ ಬರೆದೆ. ಮೊದಲಾದರೆ ಮೊಬೈಲ್‌ನಲ್ಲಿ ನಾಲ್ಕು ಸಾಲಿಗೆ ನಿಲ್ಲಿಸುತ್ತಿದ್ದೆ, ಈ ಸಲ ಎರಡು ಪುಟ ದಾಟಿತು.

ಸಣ್ಣ ತಕರಾರುಗಳೂ ಇವೆ. ಎತ್ತರ ಜಾಸ್ತಿ, ಮಣಿಕಟ್ಟಿನ ಕೆಳಗೆ ಮಡಚಿದ ಟವೆಲ್ ಇಟ್ಟುಕೊಂಡಿದ್ದೇನೆ. ಭಾರ ಇದೆ, ಬ್ಯಾಗಿನಲ್ಲಿ ಹೊತ್ತು ತಿರುಗಲು ಅಲ್ಲ. ಬಣ್ಣದ ದೀಪಗಳನ್ನು ಮೊದಲ ದಿನವೇ ಆರಿಸಿದೆ. ಕೀಗಳ ಸಂದಿಗೆ ಚುರುಮುರಿ ಬೀಳುತ್ತದೆ, ಟೋಪಿ ಕೀಳುವ ಕೊಂಡಿ ಡಬ್ಬದಲ್ಲೇ ಕೊಟ್ಟಿದ್ದಾರೆ.

ಇಂಗ್ಲಿಷ್ ಮೇಲ್, ಕೋಡ್ ಇಷ್ಟೇ ನಿಮ್ಮ ಕೆಲಸವಾದರೆ ಸಾವಿರ ರೂಪಾಯಿಯ ಸಾದಾ ಕೀಬೋರ್ಡ್ ಸಾಕು. ದಿನಾ ಕನ್ನಡದಲ್ಲಿ ಪುಟಗಟ್ಟಲೆ ಬರೆಯುವವರಾದರೆ ಕಂದು ತಗೊಳ್ಳಿ. ಒಬ್ಬರೇ ಇರುವ ರೂಮಾದರೆ ನೀಲಿಯನ್ನೂ ನೋಡಬಹುದು. ಸ್ವಿಚ್ ಕಿತ್ತು ಬೇರೆಯದು ಹಾಕಲು ಬರುವ ಮಾದರಿಯನ್ನೇ ಆರಿಸಿ. ನಮ್ಮ ಎಫ್ ಕೀ ಎಲ್ಲಕ್ಕಿಂತ ಮೊದಲು ಕೈಕೊಡುತ್ತದೆ, ಆಗ ಅದೊಂದನ್ನು ಬದಲಾಯಿಸಿದರೆ ಆಯಿತು.