ಹೋಮ್‌ಸ್ಟೇ ಎಸ್‌ಟಿಪಿಗೆ ಎಂಬಿಆರ್ ಬೇಕಾ, ಎಂಬಿಬಿಆರ್ ಸಾಕಾ? ಎರಡನ್ನೂ ಓಡಿಸಿ ನೋಡಿದ ಮೇಲೆ

ಎಸ್‌ಟಿಪಿ ಅಂದರೆ ಮನೆಯ ಕೊಳಚೆ ನೀರನ್ನು ಶುದ್ಧ ಮಾಡುವ ಪ್ಲಾಂಟು. ಎಂಬಿಆರ್ (ಮೆಂಬ್ರೇನ್ ಬಯೋರಿಯಾಕ್ಟರ್), ಎಂಬಿಬಿಆರ್ (ಮೂವಿಂಗ್ ಬೆಡ್ ಬಯೋಫಿಲ್ಮ್ ರಿಯಾಕ್ಟರ್) ಅದರಲ್ಲಿ ಎರಡು ಪದ್ಧತಿಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಎಂಬಿಬಿಆರ್‌ಗೆ. ಮೂಡಿಗೆರೆ ಹತ್ತಿರದ ನಮ್ಮ ಹೋಮ್‌ಸ್ಟೇಗೆ ಹಾಕಿಸಿರುವುದು ಅದನ್ನೇ. ಸಕಲೇಶಪುರದ ಕಡೆ ನಮ್ಮ ಚಿಕ್ಕಪ್ಪನ ಹೋಮ್‌ಸ್ಟೇಯಲ್ಲಿ ಎಂಬಿಆರ್ ಇದೆ. ಅವರಿಗೆ ಈಗ ಓಡಾಡಲು ಕಷ್ಟ, ಹಾಗಾಗಿ ಆ ಪ್ಲಾಂಟನ್ನೂ ನಾನೇ ನೋಡಿಕೊಳ್ಳುತ್ತೇನೆ. ಎರಡೂ ಒಂದೇ ಸೈಜು, ದಿನಕ್ಕೆ 10 ಸಾವಿರ ಲೀಟರ್. ಎರಡೂ ಕಡೆಯ ಹಳ್ಳ ಕೊನೆಗೆ ಸೇರುವುದು ಹೇಮಾವತಿಗೆ, ಅಲ್ಲಿಂದ ಗೊರೂರು ಡ್ಯಾಮಿಗೆ. ಕೆಳಗೆ ಅದೇ ನೀರನ್ನು ನಂಬಿಕೊಂಡವರು ತುಂಬಾ ಜನ ಇದ್ದಾರೆ. ಹಾಗಾಗಿ ಈ ವಿಷಯದಲ್ಲಿ ಹೇಗೋ ನಡೆಯುತ್ತೆ ಬಿಡು ಅಂತ ಸುಮ್ಮನಿರುವುದು ನನ್ನಿಂದ ಆಗುವುದಿಲ್ಲ.

ಎರಡರಲ್ಲೂ ಕೊಳೆ ತಿನ್ನುವುದು ಬ್ಯಾಕ್ಟೀರಿಯಾಗಳೇ. ಅವು ಎಲ್ಲಿ ಇರುತ್ತವೆ, ಕೊನೆಗೆ ಕೆಸರಿನಿಂದ ನೀರನ್ನು ಹೇಗೆ ಬೇರೆ ಮಾಡುತ್ತೇವೆ, ವ್ಯತ್ಯಾಸ ಇರುವುದು ಅಷ್ಟರಲ್ಲಿ. ಎಂಬಿಆರ್‌ನಲ್ಲಿ ಅವು ಕೆಸರಾಗಿ ನೀರಿನಲ್ಲೇ ತೇಲುತ್ತವೆ, ಅದೂ ಲೀಟರಿಗೆ 8ರಿಂದ 12 ಗ್ರಾಂ, ಸಾಮಾನ್ಯ ಗಾಳಿ ಹಾಯಿಸುವ ತೊಟ್ಟಿಗಿಂತ ಮೂರು ಪಟ್ಟು ಜಾಸ್ತಿ. ಆ ಕೆಸರಿನ ಮಧ್ಯೆಯೇ ಪೊರೆಯ (ಮೆಂಬ್ರೇನ್, ಅಂದರೆ ಅತಿ ಸಣ್ಣ ರಂಧ್ರಗಳ ಸೋಸುಗ) ಟೊಳ್ಳು ಎಳೆಗಳನ್ನು ಇಳಿಬಿಟ್ಟು, ಪಂಪಿನಿಂದ ನೀರನ್ನು ಹೀರುತ್ತಾರೆ. ಪೊರೆಯ ರಂಧ್ರ 0.04ರಿಂದ 0.4 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗಿಂತ ದೊಡ್ಡದು, ದಾಟಲಾರದು. ಎಂಬಿಬಿಆರ್‌ನಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಚಕ್ರಗಳು ತೊಟ್ಟಿ ತುಂಬಾ ಸುತ್ತುತ್ತಿರುತ್ತವೆ. ಬ್ಯಾಕ್ಟೀರಿಯಾ ಅವುಗಳ ಒಳಗೋಡೆಗೆ ಅಂಟಿ ಬೆಳೆಯುತ್ತದೆ. ಉದುರಿದ ಪದರವನ್ನು ಮುಂದಿನ ಸೆಟ್ಲಿಂಗ್ ತೊಟ್ಟಿಯಲ್ಲಿ ತಳಕ್ಕೆ ಕೂರಿಸಿ, ಮೇಲಿನ ನೀರನ್ನು ತೆಗೆಯುತ್ತಾರೆ. 1980ರ ದಶಕದ ಕೊನೆಯಲ್ಲಿ ನಾರ್ವೆಯಲ್ಲಿ ಶುರುವಾದ ಪದ್ಧತಿ ಇದು.

ನೀರಿನ ಗುಣದಲ್ಲಿ ಎಂಬಿಆರ್ ಗೆಲ್ಲುತ್ತದೆ. ಅದನ್ನು ಒಪ್ಪಲೇಬೇಕು. ಗಾಜಿನ ಲೋಟದಲ್ಲಿ ಹಿಡಿದರೆ ಬೋರ್‌ವೆಲ್ ನೀರಿಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕರಗಿದ ಉಪ್ಪು ಹೋಗುವುದಿಲ್ಲ, ಕೆಲವೊಮ್ಮೆ ತೆಳು ಹಳದಿ ಬಣ್ಣ ಉಳಿಯುತ್ತದೆ, ಅಷ್ಟೇ. ಜಾಗವೂ ಕಡಿಮೆ ಸಾಕು.

ಆದರೆ ಕೂದಲು.

ಈ ಕೂದಲಿನ ಕಥೆಯನ್ನು ಯಾವ ಕೊಟೇಶನ್ನಿನಲ್ಲೂ ಬರೆದಿರುವುದಿಲ್ಲ. ಶನಿವಾರ, ಭಾನುವಾರ ಬೆಂಗಳೂರಿನಿಂದ ಜನ ಬರುತ್ತಾರೆ, ಎಲ್ಲಾ ರೂಮು ಭರ್ತಿ, ಎಲ್ಲರೂ ಬೆಳಗ್ಗೆ ಬಿಸಿನೀರಲ್ಲಿ ತಲೆ ಸ್ನಾನ ಮಾಡುತ್ತಾರೆ. ಆ ಕೂದಲು ಪ್ಲಾಂಟಿನ ಬಾಯಲ್ಲಿ ಕಸ ತಡೆಯಲು ಹಾಕಿರುವ ಕಂಬಿ ಜಾಲರಿಯಲ್ಲಿ ನಿಲ್ಲುವುದಿಲ್ಲ, ಉದ್ದುದ್ದಕ್ಕೆ ನುಸುಳಿಕೊಂಡು ಹೋಗುತ್ತದೆ. ತೊಟ್ಟಿಗೆ ಬಿದ್ದ ಮೇಲೆ ಗಾಳಿಯ ಗುಳ್ಳೆಗಳು ಅದನ್ನು ಸುತ್ತಿಸುತ್ತಲೇ ಇರುತ್ತವೆ. ಸುತ್ತಿ ಸುತ್ತಿ ಕೊನೆಗೆ ಪೊರೆಯ ಎಳೆಗಳು ಮೇಲಿನ ಪೈಪಿಗೆ ಸೇರುವ ಜಾಗಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಒಂದು ಸಿಕ್ಕಿಕೊಂಡರೆ ಅದರ ಮೇಲೆ ಇನ್ನೊಂದು. ಟಿಶ್ಯೂ ಪೇಪರಿನ ನಾರು, ಅಡುಗೆಮನೆಯ ಜಿಡ್ಡು ಎಲ್ಲಾ ಸೇರಿ ಕಪ್ಪು ಜಡೆಯ ಹಾಗೆ ಬಿಗಿದುಕೊಳ್ಳುತ್ತದೆ. ಆಮೇಲೆ ಎಳೆಗಳ ನಡುವೆ ಗಾಳಿ ಹೋಗುವುದಿಲ್ಲ. ಗಾಳಿ ಹೋಗದಿದ್ದರೆ ಕೆಸರು ಪೊರೆಗೆ ಮೆತ್ತಿಕೊಳ್ಳುತ್ತದೆ. ಪಂಪಿನ ಪಕ್ಕದ, ಹೀರುವ ಒತ್ತಡ ತೋರಿಸುವ ಮೀಟರ್ ಸುಮ್ಮನೆ 0.1 ಬಾರ್‌ನಲ್ಲಿ ಇರಬೇಕಾದದ್ದು ಮೆಲ್ಲಗೆ ಏರುತ್ತಾ 0.4ರ ಹತ್ತಿರ ಹೋಗುತ್ತದೆ, ಅಲ್ಲಿಗೆ ಪಂಪು ತಾನಾಗಿಯೇ ನಿಲ್ಲುತ್ತದೆ. ಅದೂ ಯಾವಾಗ? ಮನೆ ತುಂಬಾ ಗೆಸ್ಟ್ ಇರುವಾಗಲೇ.

ಹೈಪೋ (ಕ್ಲೋರಿನ್ ಬ್ಲೀಚಿಂಗ್ ದ್ರಾವಣ) ಹಾಕಿ ತೊಳೆದರೆ ಲೋಳೆ ಹೋಗುತ್ತದೆ, ಸಿಟ್ರಿಕ್ ಆಸಿಡ್ ಹಾಕಿದರೆ ಗಡಸು ನೀರಿನ ಬಿಳಿ ಪದರ ಹೋಗುತ್ತದೆ. ಕೂದಲು ಎರಡಕ್ಕೂ ಜಗ್ಗುವುದಿಲ್ಲ. ಪೊರೆಯ ಚೌಕಟ್ಟನ್ನೇ ಚೈನ್ ಪುಲ್ಲಿ ಹಾಕಿ ಮೇಲೆತ್ತಿ, ಗ್ಲೌಸ್ ಹಾಕಿಕೊಂಡು ಬೆರಳಲ್ಲೇ ಬಿಡಿಸಬೇಕು. ಜೋರಾಗಿ ಎಳೆದರೆ ಪೊರೆಯ ಎಳೆ ತುಂಡಾಗುತ್ತದೆ. ಒಂದು ಎಳೆ ತುಂಡಾದರೂ ಕೆಸರು ಸೀದಾ ಒಳ್ಳೆ ನೀರಿಗೆ ಬರುತ್ತದೆ. ಆಮೇಲೆ ಒಳಗಿನಿಂದ ಗಾಳಿ ಕೊಟ್ಟು, ಗುಳ್ಳೆ ಎಲ್ಲಿ ಏಳುತ್ತದೆ ಅಂತ ಹುಡುಕಿ, ಆ ಎಳೆಯನ್ನು ಮುಚ್ಚಬೇಕು. ಕಂಬಿ ಜಾಲರಿ ತೆಗೆದು 1 ಮಿಲಿಮೀಟರಿನ ದುಂಡು ತೂತಿನ ತಗಡು ಹಾಕಿಸಿದ ಮೇಲೆ ಎಷ್ಟೋ ವಾಸಿ. ದುಂಡು ತೂತಿನಲ್ಲಿ ಕೂದಲು ಅಷ್ಟು ಸುಲಭವಾಗಿ ನುಸುಳುವುದಿಲ್ಲ. ಆದರೆ ಆ ತಗಡನ್ನೇ ದಿನಕ್ಕೆ ಎರಡು ಸಲ ಬ್ರಷ್ ಹಾಕಿ ಉಜ್ಜಬೇಕು, ಅದಕ್ಕೊಬ್ಬ ಆಳು ಬೇಕು. ಕಾಫಿ ಹಣ್ಣು ಕೊಯ್ಯುವ ಸಮಯದಲ್ಲಿ ತೋಟಕ್ಕೇ ಜನ ಸಿಗುವುದಿಲ್ಲ, ಇದಕ್ಕೆ ಎಲ್ಲಿಂದ ತರುವುದು?

ನಮ್ಮ ಎಂಬಿಬಿಆರ್‌ಗೂ ಕೂದಲು ಬರುತ್ತದೆ. ಚಕ್ರಗಳು ಹೊರಗೆ ಹೋಗದಂತೆ ಹಾಕಿರುವ ಜಾಲರಿಗೆ ಸುತ್ತಿಕೊಳ್ಳುತ್ತದೆ. ಉದ್ದ ಹಿಡಿಕೆಯ ಬ್ರಷ್ಷಿನಲ್ಲಿ ಮೇಲೆ ನಿಂತೇ ಉಜ್ಜಿದರೆ ಮುಗಿಯಿತು.

ಇನ್ನು ವಾರಾಂತ್ಯದ ಲೆಕ್ಕ. ಶನಿವಾರ ತುಂಬಿ ಹರಿಯುವ ಪ್ಲಾಂಟು ಮಂಗಳವಾರ ಹಸಿದು ಕೂತಿರುತ್ತದೆ. ತೇಲುವ ಕೆಸರು ಹಸಿವಿನಲ್ಲಿ ಒಡೆದು ಸಣ್ಣ ಪುಡಿಯಾಗುತ್ತದೆ, ಲೋಳೆ ಬಿಡುತ್ತದೆ, ಆ ಲೋಳೆಯೇ ಪೊರೆಗೆ ಮೊದಲ ಶತ್ರು. ನಮ್ಮಲ್ಲಿ ಒಂದು ಚಕ್ರವನ್ನು ಎತ್ತಿ ಅಂಗೈಯಲ್ಲಿ ಇಟ್ಟು ನೋಡಿ. ಹೊರಗೆ ಒಂದಕ್ಕೊಂದು ಉಜ್ಜಿ ಉಜ್ಜಿ ಬೆಳ್ಳಗಿರುತ್ತದೆ, ಒಳಗಿನ ಅಡ್ಡಗೋಡೆಗಳ ಮೇಲೆ ಮಾತ್ರ ಕಂದು ಬಣ್ಣದ ತೆಳು ಪದರ. ಹಸಿದರೆ ತೆಳ್ಳಗಾಗುತ್ತದೆ, ಗೆಸ್ಟ್ ಬಂದರೆ ದಪ್ಪಗಾಗುತ್ತದೆ, ಜಾಗ ಬಿಟ್ಟು ಹೋಗುವುದಿಲ್ಲ. ಒಂದು ಘನ ಮೀಟರ್ ಚಕ್ರದಲ್ಲಿ ಸುಮಾರು 500 ಚದರ ಮೀಟರ್ ಒಳಮೈ ಇರುತ್ತದೆ, ಅಷ್ಟೂ ಅವುಗಳ ಮನೆ. ಡಿಸೆಂಬರ್ ಚಳಿಯಲ್ಲಿ ಬ್ಯಾಕ್ಟೀರಿಯಾ ನಿಧಾನವಾಗುತ್ತದೆ, ಆಗಲೂ ನಮ್ಮ ಟೆಸ್ಟ್ ರಿಪೋರ್ಟಿನಲ್ಲಿ ಬಿಒಡಿ (ನೀರಿನಲ್ಲಿ ಉಳಿದ ಕೊಳೆ ತಿನ್ನಲು ಬ್ಯಾಕ್ಟೀರಿಯಾಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ) ಲೀಟರಿಗೆ 10 ಮಿಲಿಗ್ರಾಂ ದಾಟಿಲ್ಲ.

ಮಳೆಗಾಲ ಇನ್ನೊಂದು ಪರೀಕ್ಷೆ. ನಮ್ಮ ಕಡೆ ಜುಲೈ ಮಳೆ ಅಂದರೆ ಗೊತ್ತಲ್ಲ, ಹಳೇ ಚೇಂಬರ್‌ಗಳ ಬಿರುಕಿನಿಂದ ಮಳೆನೀರು ಪೈಪಿಗೆ ಸೇರಿಬಿಡುತ್ತದೆ. ಪೊರೆ ಒಂದು ಚದರ ಮೀಟರಿಗೆ ಗಂಟೆಗೆ 15ರಿಂದ 25 ಲೀಟರ್ ಬಿಡುತ್ತದೆ, ಅದಕ್ಕಿಂತ ಜಾಸ್ತಿ ಎಳೆದರೆ ಕಟ್ಟಿಕೊಳ್ಳುತ್ತದೆ. ಎಂಬಿಆರ್‌ನಲ್ಲಿ ನೀರು ಹೊರಗೆ ಬರಲು ಆ ಒಂದೇ ಬಾಗಿಲು. ಅದು ಮುಚ್ಚಿದರೆ ತೊಟ್ಟಿ ಉಕ್ಕಬೇಕು, ಬೇರೆ ದಾರಿ ಇಲ್ಲ. ಅದರ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಗಾಳಿ ಊದುವ ಬ್ಲೋವರ್‌ಗಾಗಿ ಜನರೇಟರ್ ಓಡಿಸುತ್ತಲೇ ಇರಬೇಕು.

ಎಂಬಿಬಿಆರ್‌ಗೂ ಒಂದು ಕಾಟ ಇದೆ. ಚಕ್ರದಿಂದ ಉದುರುವ ಪದರ ಸೆಟ್ಲಿಂಗ್ ತೊಟ್ಟಿಯಲ್ಲಿ ಬೇಗ ಕೂರುವುದಿಲ್ಲ. ಕೂತ ಕೆಸರನ್ನು ದಿನಾ ತೆಗೆಯದೆ ಬಿಟ್ಟರೆ ಒಳಗೆ ನೈಟ್ರೋಜನ್ ಗುಳ್ಳೆ ಹುಟ್ಟಿ ಕಂದು ಹೆಪ್ಪುಗಳು ಮೇಲೆ ತೇಲುತ್ತವೆ. ಬೆಳಗ್ಗೆ ಕಾಫಿ ಕುಡಿದು ಒಂದು ವಾಲ್ವ್ ತಿರುಗಿಸುವ ಅಭ್ಯಾಸ ಇದ್ದವರಿಗೆ ಇದು ತೊಂದರೆ ಅಲ್ಲ. ನನಗಿದೆ.

ಹಾಗಂತ ಪೊರೆಯೇ ಬೇಡ ಅನ್ನುತ್ತಿಲ್ಲ. ನಮ್ಮಲ್ಲೂ ಒಂದು ಅಲ್ಟ್ರಾ ಫಿಲ್ಟರ್ ಇದೆ, ಆದರೆ ಕೆಸರಿನೊಳಗೆ ಅಲ್ಲ, ಶೆಡ್ಡಿನ ಗೋಡೆ ಮೇಲೆ. ಸೆಟ್ಲಿಂಗ್ ಆಗಿ, ಮರಳು ಫಿಲ್ಟರ್ ದಾಟಿ ಬಂದ ನೀರಿನಲ್ಲಿ ಟಾಯ್ಲೆಟ್ ಫ್ಲಶ್ಶಿಗೆ ಬೇಕಾದಷ್ಟನ್ನು ಮಾತ್ರ ಅದಕ್ಕೆ ಕೊಡುತ್ತೇನೆ. ಉಳಿದದ್ದು ಹೂವಿನ ಗಿಡ, ಹುಲ್ಲುಹಾಸಿಗೆ. ಕೂದಲು ಅಲ್ಲಿಯವರೆಗೆ ಬರುವುದೇ ಇಲ್ಲ. ಅದು ಕಟ್ಟಿಕೊಂಡರೂ ಪ್ಲಾಂಟು ನಿಲ್ಲುವುದಿಲ್ಲ, ವಾಲ್ವ್ ತಿರುಗಿಸಿ ಹಿಮ್ಮುಖವಾಗಿ ತೊಳೆದರೆ ಸಾಕು. ಪೊರೆಯನ್ನು ಕೆಸರಿನ ತೊಟ್ಟಿಯೊಳಗೇ ಮುಳುಗಿಸಬಹುದು ಅಂತ 1989ರಲ್ಲಿ ಜಪಾನಿನ ಯಮಾಮೊಟೊ ತಂಡ ತೋರಿಸಿಕೊಟ್ಟಿತು. ದಿನವೂ ಆಪರೇಟರ್ ಇರುವ ದೊಡ್ಡ ಪ್ಲಾಂಟುಗಳಿಗೆ ಅದು ನಿಜಕ್ಕೂ ದೊಡ್ಡ ಉಪಕಾರ. ಆರೇಳು ರೂಮಿನ ಹೋಮ್‌ಸ್ಟೇಗೆ ಪೊರೆ ಹೊರಗಿದ್ದರೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ವಾಸನೆ: ಸರಿಯಾಗಿ ಓಡಿದರೆ ಎರಡರಲ್ಲೂ ಇಲ್ಲ. ಶಬ್ದ: ಬ್ಲೋವರ್ ಎರಡಕ್ಕೂ ಬೇಕು, ಎಂಬಿಆರ್‌ನಲ್ಲಿ ಎಳೆ ಉಜ್ಜಲು ಇನ್ನೂ ಜಾಸ್ತಿ ಗಾಳಿ, ಕರೆಂಟ್ ಬಿಲ್ಲೂ ಜಾಸ್ತಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವಾಗ ಬರುವ ಪಲ್ಪಿಂಗ್ ನೀರನ್ನು ಎರಡಕ್ಕೂ ಬಿಡಬೇಡಿ. ಅದು ಹುಳಿ, ಬಿಒಡಿ ಸಾವಿರಗಳಲ್ಲಿ ಇರುತ್ತದೆ, ಬ್ಯಾಕ್ಟೀರಿಯಾ ಪೂರ್ತಿ ಸೋತುಹೋಗುತ್ತದೆ. ಟಾಯ್ಲೆಟ್ಟಿಗೆ ಆಸಿಡ್ ಸುರಿಯುವುದನ್ನೂ ನಿಲ್ಲಿಸಿ.

ಹಣದ ವಿಷಯಕ್ಕೆ ಬಂದರೆ, ಪೊರೆ ಚೆನ್ನಾಗಿ ನೋಡಿಕೊಂಡರೂ ಐದರಿಂದ ಹತ್ತು ವರ್ಷಕ್ಕೆ ಬದಲಾಯಿಸಬೇಕು. ಚಕ್ರಗಳಿಗೆ ಆ ಚಿಂತೆ ಇಲ್ಲ. ಕಾಫಿ ರೇಟು ಬಿದ್ದ ವರ್ಷ ಆ ಖರ್ಚು ಬಂದರೆ ನನ್ನ ಕೈಯಲ್ಲಿ ಆಗುವುದಿಲ್ಲ. ಜಾಗ ಇಲ್ಲದವರು, ದಿನಾ ನೋಡಿಕೊಳ್ಳುವ ಆಳು ಇರುವವರು, ಪೂರ್ತಿ ನೀರನ್ನು ಮತ್ತೆ ಬಳಸಲೇಬೇಕಾದವರು ಎಂಬಿಆರ್ ತೆಗೆದುಕೊಳ್ಳಿ. ಆದರೆ ಆರ್ಡರ್ ಕೊಡುವ ಮೊದಲು ಮೂರು ಕೇಳಿ: ಜಾಲರಿ ಕಂಬಿಯದ್ದಾ, ದುಂಡು ತೂತಿನದ್ದಾ? ಚೌಕಟ್ಟು ಎತ್ತಲು ಮೇಲೆ ಪುಲ್ಲಿ, ಜಾಗ ಇದೆಯಾ? ಪೊರೆ ಕೆಟ್ಟರೆ ಹೊಸದು ಬರಲು ಎಷ್ಟು ದಿನ, ಅಲ್ಲಿಯವರೆಗೆ ನೀರನ್ನು ಎಲ್ಲಿಗೆ ಬಿಡಬೇಕು? ಮೂರನೆಯದಕ್ಕೆ ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ.