ಜಿಟಿ86 ಇದ್ದ ಮನೆಗೆ ಜಾಝ್ ಬಂತು

ನಾವಿರೋದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ, ಮ್ಯಾಂಚೆಸ್ಟರ್ ಪಕ್ಕ. ನನ್ನ ಹತ್ರ 2013ರ ಟೊಯೋಟಾ ಜಿಟಿ86 ಸ್ಪೋರ್ಟ್ಸ್ ಕಾರಿದೆ, ಮ್ಯಾನ್ಯುಯಲ್ ಗೇರು, ಸೆಕೆಂಡ್ ಹ್ಯಾಂಡ್. ಮಗಳು ಹುಟ್ಟಿದ್ಮೇಲೆ 2021ರ ಹೋಂಡಾ ಜಾಝ್ ಹೈಬ್ರಿಡ್ ತಗೊಂಡ್ವಿ. ಯಾವುದು ಚೆನ್ನಾಗಿದೆ ಅಂತ ದಾವಣಗೆರೆಯಿಂದ ತಮ್ಮ ಫೋನ್ ಮಾಡಿದಾಗೆಲ್ಲ ಕೇಳ್ತಾನೆ, ಎರಡು ಮಾತಲ್ಲಿ ಮುಗಿಯೋ ವಿಷಯ ಅಲ್ಲ, ಅದಕ್ಕೇ ಬರೀತಿದ್ದೀನಿ.

ಜಿಟಿ86ದು 2 ಲೀಟರ್ ಬಾಕ್ಸರ್ ಇಂಜಿನ್ (ಸಿಲಿಂಡರ್‌ಗಳು ಎದುರುಬದುರು ಮಲಗಿರೋದು), 200 ಪಿಎಸ್ ಅಂದ್ರೆ ಹಾರ್ಸ್‌ಪವರ್ ಲೆಕ್ಕದ ಪವರ್, 205 ಎನ್‌ಎಂ ಟಾರ್ಕ್, ಅಂದ್ರೆ ಚಕ್ರ ತಿರುಗಿಸೋ ಎಳೆತ. ಜಾಝ್‌ದು 1.5 ಲೀಟರ್, ಪವರ್ 109 ಪಿಎಸ್ ಅಷ್ಟೇ, ಆದ್ರೆ ಟಾರ್ಕ್ 253! ಹೆಚ್ಚಿನ ಹೊತ್ತು ಅದರ ಇಂಜಿನ್ ಕರೆಂಟ್ ತಯಾರು ಮಾಡ್ತಿರುತ್ತೆ, ಚಕ್ರ ತಿರುಗಿಸೋದು ಮೋಟಾರು, ಮೋಟಾರಿಗೆ ನಿಂತಲ್ಲಿಂದ್ಲೇ ಪೂರ್ತಿ ಎಳೆತ ಇರುತ್ತೆ. ಹಾಗಾಗಿ ಸಿಗ್ನಲ್ ಬಿಟ್ಟ ತಕ್ಷಣ ಜಾಝ್ ಸರಕ್ಕಂತ ಮುಂದೆ ಹೋಗುತ್ತೆ. ಜಿಟಿ86ಗೆ ಪೂರ್ತಿ ಟಾರ್ಕ್ ಸಿಗೋದು ಇಂಜಿನ್ ನಿಮಿಷಕ್ಕೆ 6,400 ಸುತ್ತು (ಆರ್‌ಪಿಎಂ) ತಿರುಗಿದ ಮೇಲೆ, 4,000ದ ಆಸುಪಾಸಲ್ಲಿ ಸ್ವಲ್ಪ ಮಂಕು ಬೇರೆ, ಗೇರ್ ಇಳಿಸಿ ಕಾಲು ಒತ್ತಿ ಹಿಡೀಬೇಕು, ಆಮೇಲೆ 7,000ದವರೆಗೂ ಏರ್ತಾ ಹೋಗುತ್ತಲ್ಲ, ಅದು ನನಗೆ ಇವತ್ತಿಗೂ ಬೇಜಾರಾಗಿಲ್ಲ.

ಆದ್ರೆ ಈ ಕಾರಿನ ನಿಜವಾದ ಸುಖ ಸ್ಪೀಡಲ್ಲಿಲ್ಲ. ಮ್ಯಾಕಲ್ಸ್‌ಫೀಲ್ಡ್‌ನಿಂದ ಬಕ್ಸ್‌ಟನ್‌ಗೆ ಗುಡ್ಡದ ಮೇಲೆ ಹೋಗೋ ಎ537 ರಸ್ತೆ ಇದೆ, ಕ್ಯಾಟ್ ಅಂಡ್ ಫಿಡಲ್ ಅಂತಾರೆ, ಬರೀ ತಿರುವು. ಅಲ್ಲಿ 50 ಮೈಲಿ ಲಿಮಿಟ್, ಆವರೇಜ್ ಸ್ಪೀಡ್ ಕ್ಯಾಮೆರಾನೂ ಇವೆ. ಲಿಮಿಟ್ ಒಳಗೇ ಓಡಿಸಿದ್ರೂ ಸಾಕು. ಬಾಕ್ಸರ್ ಇಂಜಿನ್ ಚಪ್ಪಟೆ, ತಗ್ಗಲ್ಲಿ ಕೂತಿರೋದ್ರಿಂದ ತಿರುವಲ್ಲಿ ಕಾರು ಹೆಚ್ಚು ವಾಲಲ್ಲ, ಟೈರು 215 ಮಿಲಿಮೀಟರ್ ಅಗಲದ್ದು ಮಾತ್ರ, ಹಿಂದಿನ ಚಕ್ರ ನೂಕ್ತಾ ಇರುತ್ತೆ, ರಸ್ತೆ ಒದ್ದೆ ಇದ್ರೆ ಅದು ಮೊದಲು ಸೊಂಟಕ್ಕೆ ಗೊತ್ತಾಗುತ್ತೆ, ಆಮೇಲೆ ಕಣ್ಣಿಗೆ. ಅದೇ ರಸ್ತೇಲಿ ಜಾಝ್ ಏನೂ ತಪ್ಪು ಮಾಡಲ್ಲ, ಆದ್ರೆ ಏರಲ್ಲಿ ಜೋರಾಗಿ ಒತ್ತಿದ್ರೆ ಇಂಜಿನ್ ಒಂದೇ ಸಮ ಕೂಗುತ್ತೆ, ಸ್ಟೀರಿಂಗ್‌ನಿಂದ ಏನೂ ತಿಳಿಯಲ್ಲ.

ಇನ್ನು ಮನೆ ವಿಷಯ. ಹೋದ ಬೇಸಿಗೇಲಿ ಅಮ್ಮ ಬಂದಿದ್ರು, ಮಂಡಿ ನೋವಿದೆ. ಜಿಟಿ86 ಹಿಂದಿನ ಸೀಟಿಗೆ ದೊಡ್ಡೋರನ್ನ ಕೂರಿಸೋದು ಸಾಧ್ಯನೇ ಇಲ್ಲ, ಮುಂದೆ ಕೂತ್ರೂ ಎದ್ದೇಳೋಕೆ ಕೈ ಹಿಡೀಬೇಕು. ಜಾಝ್‌ಗೆ ಅವ್ರು ತಾವೇ ಹತ್ತಿ ಇಳಿದ್ರು. ಪೆಟ್ರೋಲ್ ಟ್ಯಾಂಕ್ ಮುಂದಿನ ಸೀಟಿನ ಕೆಳಗಿರೋದ್ರಿಂದ ಹಿಂದಿನ ಸೀಟನ್ನ ಸಿನಿಮಾ ಥಿಯೇಟರ್ ಸೀಟಿನ ಥರ ಮೇಲಕ್ಕೆ ಮಡಚಬಹುದು, ಮಗಳ ತಳ್ಳೋ ಗಾಡಿ ನೆಟ್ಟಗೇ ನಿಲ್ಲುತ್ತೆ. ಮುಂದಿನ ಗಾಜಿನ ಕಂಬ ಎಷ್ಟು ಸಣ್ಣ ಅಂದ್ರೆ ರೌಂಡ್‌ಅಬೌಟ್‌ನಲ್ಲಿ ಸೈಕಲ್‌ನವ್ರು ಮರೆ ಆಗಲ್ಲ. ಜಾಝ್ ಮೈಲೇಜು ನನಗೆ ಲೀಟರ್‌ಗೆ 21 ಕಿಲೋಮೀಟರ್ ಬರುತ್ತೆ, ಜಿಟಿ86 12 ಕೊಟ್ರೆ ಹೆಚ್ಚು, ಅದಕ್ಕೆ ದುಬಾರಿ ಪೆಟ್ರೋಲೇ ಹಾಕ್ತೀನಿ.

ಮನೇಲಿ ಒಂದೇ ಕಾರು ಇರಬೇಕು ಅನ್ನೋರಿಗೆ ಜಾಝ್ ಅಂತಲೇ ಹೇಳ್ತೀನಿ, ಯೋಚನೆ ಬೇಡ. ನಾನು ಮಾತ್ರ ಜಿಟಿ86 ಮಾರಲ್ಲ, ಹೆಂಡತೀನೂ ಬೇಡ ಅಂದಿದ್ದಾಳೆ, ಭಾನುವಾರ ಬೆಳಗ್ಗೆ ಅವಳೇ ಕೀ ಎತ್ಕೊಂಡು ಹೋಗ್ತಾಳೆ. ತಮ್ಮನಿಗೆ ಊರಲ್ಲಿ ಈ ಎರಡೂ ಸಿಗಲ್ಲ, ಜಿಟಿ86ನ ಟೊಯೋಟಾ ಇಂಡಿಯಾದಲ್ಲಿ ಮಾರಲೇ ಇಲ್ಲ, ಈ ಹೈಬ್ರಿಡ್ ಜಾಝ್ ಕೂಡ ಬರಲಿಲ್ಲ. ಆದ್ರೆ 2022ರಲ್ಲಿ ಅಲ್ಲಿ ಬಂದ ಹೋಂಡಾ ಸಿಟಿ ಹೈಬ್ರಿಡ್‌ನಲ್ಲಿ ಇದೇ ಥರದ ಸಿಸ್ಟಮ್ ಇದೆ, ಟಾರ್ಕೂ ಅದೇ 253, ಯಾರದ್ದಾದ್ರೂ ಸಿಕ್ರೆ ಒಂದ್ಸಲ ಓಡಿಸಿ ನೋಡೋ ಅಂದಿದ್ದೀನಿ.